ಮರೆತುಹೋಗಿದ್ದ ಮೊದಲ ಮಹಿಳಾ ರಬ್ಬಿ



ಇಂದು ನಾನು ದೂರದ ದೇಶದ, ಬೇರೆ ಧರ್ಮದ ಒಬ್ಬ ಹೆಣ್ಣುಮಗಳ ಕಥೆ ಹೇಳಲು ನಿಂತಿದ್ದೇನೆ. ಆಕೆಯ ಹೆಸರು ರೆಗಿನಾ ಯೋನಾಸ್.

ಯಹೂದಿ ಧರ್ಮದಲ್ಲಿ ಗುರುವಿಗೆ ರಬ್ಬಿ ಎನ್ನುತ್ತಾರೆ. ರಬ್ಬಿ ಎಂದರೆ ಪೂಜಾರಿಯಲ್ಲ. ಧರ್ಮಗ್ರಂಥಗಳನ್ನು ಆಳವಾಗಿ ಓದಿ, ಜನರಿಗೆ ಬೋಧಿಸಿ, ಧರ್ಮದ ಪ್ರಶ್ನೆಗಳು ಬಂದಾಗ ತೀರ್ಪು ಹೇಳುವವರು. ಶತಮಾನಗಳ ಕಾಲ ಆ ಸ್ಥಾನ ಗಂಡಸರದೇ ಆಗಿತ್ತು. 17ನೆಯ ಶತಮಾನದಲ್ಲಿ ಮೋಸುಲ್ ಪಟ್ಟಣದಲ್ಲಿ ಆಸೆನಾಥ್ ಬರ್ಜಾನಿ ಎಂಬ ವಿದುಷಿ ಗಂಡನ ನಂತರ ಧರ್ಮಪಾಠಶಾಲೆಯನ್ನು ನಡೆಸಿದ್ದುಂಟು. ಆದರೆ ವಿಧಿವತ್ತಾಗಿ ರಬ್ಬಿ ದೀಕ್ಷೆ ಪಡೆದ ಮೊದಲ ಮಹಿಳೆ ಯೋನಾಸ್.

ಆಕೆ ಹುಟ್ಟಿದ್ದು 1902ರಲ್ಲಿ, ಬರ್ಲಿನ್ ನಗರದ ಬಡ ಕೇರಿಯಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಮುಂದೆ ಯಹೂದಿ ಶಾಸ್ತ್ರಗಳ ಉನ್ನತ ವಿದ್ಯಾಲಯ ಸೇರಿದರು. ಅಲ್ಲಿ ಓದುವ ಹೆಣ್ಣುಮಕ್ಕಳಿದ್ದರು, ಆದರೆ ಓದು ಮುಗಿದರೆ ಅವರಿಗೆ ಸಿಗುತ್ತಿದ್ದುದು ಶಿಕ್ಷಕಿಯ ಅರ್ಹತೆ ಮಾತ್ರ. ಯೋನಾಸ್ ರಬ್ಬಿಯೇ ಆಗಬೇಕೆಂದರು. 1930ರಲ್ಲಿ ಅವರು ಬರೆದ ಪ್ರಬಂಧದ ಪ್ರಶ್ನೆಯೇ ಅದು: ಹೆಣ್ಣು ರಬ್ಬಿಯ ಸ್ಥಾನ ವಹಿಸಬಹುದೇ?

ಗಮನಿಸಿ, ಅವರು ಶಾಸ್ತ್ರವನ್ನು ಬದಿಗಿಡಿ ಎನ್ನಲಿಲ್ಲ. ಶಾಸ್ತ್ರವನ್ನೇ ಮುಂದಿಟ್ಟುಕೊಂಡು, ಅಡ್ಡಿಯಿರುವುದು ಅದರಲ್ಲಲ್ಲ, ಜನರ ಪೂರ್ವಗ್ರಹದಲ್ಲಿ ಎಂದು ವಾದಿಸಿದರು. ಪ್ರಬಂಧಕ್ಕೆ ಮೆಚ್ಚುಗೆ ಬಂತು, ದೀಕ್ಷೆ ಬರಲಿಲ್ಲ. ಐದು ವರ್ಷ ಕಾದ ಮೇಲೆ, 1935ರ ಡಿಸೆಂಬರಿನಲ್ಲಿ ಓಫನ್‌ಬಾಖ್ ಊರಿನ ರಬ್ಬಿ ಮಾಕ್ಸ್ ಡೀನೆಮಾನ್ ಅವರನ್ನು ಪರೀಕ್ಷಿಸಿ ದೀಕ್ಷೆ ಕೊಟ್ಟರು.

ಆಗ ಜರ್ಮನಿಯಲ್ಲಿ ನಾಜಿಗಳ ಆಳ್ವಿಕೆ. ಯೋನಾಸ್ ಆಸ್ಪತ್ರೆಗಳಲ್ಲಿ, ವೃದ್ಧಾಶ್ರಮಗಳಲ್ಲಿ ನೊಂದವರ ಬಳಿ ಕೂತರು, ರಬ್ಬಿಗಳಿಲ್ಲದ ಊರುಗಳಿಗೆ ಹೋಗಿ ಪ್ರವಚನ ಮಾಡಿದರು. 1942ರಲ್ಲಿ ಅವರನ್ನು ತಾಯಿಯೊಡನೆ ಥೆರೆಸಿಯೆನ್‌ಶ್ಟಾಟ್ ಶಿಬಿರಕ್ಕೆ ಒಯ್ದರು. ಅಲ್ಲಿಯೂ ಬೋಧನೆ ನಿಲ್ಲಲಿಲ್ಲ; ಅವರ 24 ಉಪನ್ಯಾಸಗಳ ವಿಷಯಪಟ್ಟಿ ಇಂದಿಗೂ ಉಳಿದಿದೆ. 1944ರ ಅಕ್ಟೋಬರಿನಲ್ಲಿ ಔಶ್ವಿಟ್ಜ್‌ಗೆ ಸಾಗಿಸಿ ಕೊಂದರು. ಆಗ ಅವರಿಗೆ 42 ವರ್ಷ.

ನನ್ನನ್ನು ಹೆಚ್ಚು ಕಾಡುವುದು ಇದರ ಮುಂದಿನ ಮಾತು. ಆಕೆಯನ್ನು ಬಲ್ಲ ಹಿರಿಯರಲ್ಲಿ ಕೆಲವರು ಬದುಕುಳಿದು ಬಂದರು. ಆದರೂ ದಶಕಗಳ ಕಾಲ ಆಕೆಯ ಹೆಸರು ಹೆಚ್ಚುಕಡಿಮೆ ಅಳಿಸಿಯೇ ಹೋಗಿತ್ತು. 1972ರಲ್ಲಿ ಅಮೆರಿಕದಲ್ಲಿ ಸ್ಯಾಲಿ ಪ್ರೀಸ್ಯಾಂಡ್ ರಬ್ಬಿಯಾದಾಗ, ಜಗತ್ತಿನ ಮೊದಲ ಮಹಿಳಾ ರಬ್ಬಿ ಇವರೇ ಎಂದು ಹಲವರು ತಿಳಿದರು. ಬರ್ಲಿನ್ ಗೋಡೆ ಬಿದ್ದ ಬಳಿಕ, 1991ರಲ್ಲಿ, ಕಥರೀನಾ ಫಾನ್ ಕೆಲೆನ್‌ಬಾಖ್ ಎಂಬ ಸಂಶೋಧಕಿಗೆ ಪೂರ್ವ ಬರ್ಲಿನ್ನಿನ ದಾಖಲೆಗಳಲ್ಲಿ ಯೋನಾಸ್ ಅವರ ಕಾಗದಪತ್ರ, ಭಾವಚಿತ್ರಗಳು ಸಿಕ್ಕವು.

ಬಂಧುಗಳೇ, 37 ವರ್ಷಗಳ ನಂತರ ಬಂದ ಹೆಣ್ಣುಮಗಳು, ತನಗಿಂತ ಮುಂಚೆ ಯಾರೂ ಇರಲಿಲ್ಲವೆಂಬಂತೆ ಮತ್ತೆ ಮೊದಲಿನಿಂದ ಉತ್ತರ ಕೊಡಬೇಕಾಯಿತು. 1985ರಲ್ಲಿ ಕನ್ಸರ್ವೇಟಿವ್ ಪಂಥದವರು ಏಮಿ ಐಲ್‌ಬರ್ಗ್ ಅವರಿಗೆ ದೀಕ್ಷೆ ಕೊಡುವ ಮುನ್ನ ಅದೇ ಚರ್ಚೆ ವರ್ಷಗಟ್ಟಲೆ ನಡೆಯಿತು. ಸಂಪ್ರದಾಯನಿಷ್ಠರ ನಡುವೆ ಇಂದಿಗೂ ನಡೆದಿದೆ.

ಹೆಣ್ಣಿಗೆ ಗುರುಸ್ಥಾನ ಕೊಟ್ಟರಷ್ಟೇ ಸಾಲದು, ಅಲ್ಲಿ ಕೂತವರ ಹೆಸರನ್ನು ಉಳಿಸಿಕೊಳ್ಳುವುದೂ ಸಮಾಜದ ಹೊಣೆ. ಬೋಧಿಸಿದ ತಾಯಂದಿರ ಮಾತನ್ನು ಬರೆದಿಡೋಣ, ಮಕ್ಕಳಿಗೆ ಹೇಳೋಣ. ಮುಂದಿನವಳು ಮತ್ತೆ ಬಾಗಿಲಲ್ಲೇ ನಿಂತು ಅದೇ ಪ್ರಶ್ನೆಗೆ ಉತ್ತರಿಸುವಂತಾಗದಿರಲಿ.