ಒಂದೇ ಹೊಡೆತಕ್ಕೆ ಹೋಗೋ ಟಾರ್ಗೆಟ್

ನನ್ನ ಕೆಲಸ ಏನಂತ ಕೇಳಿದ್ರೆ ನಗ್ತೀರಿ. ವಾರಗಟ್ಟಲೆ ಕೂತು ಒಂದು ಚೂರು ಲೋಹ ತಯಾರು ಮಾಡ್ತೀನಿ, ಲೇಸರ್ ಅದನ್ನ ಒಂದೇ ಹೊಡೆತಕ್ಕೆ ಪ್ಲಾಸ್ಮಾ ಮಾಡಿಬಿಡುತ್ತೆ.

ಲೇಸರ್‌ನಿಂದ ಎಲೆಕ್ಟ್ರಾನ್, ಪ್ರೋಟಾನ್‌ಗಳಿಗೆ ವೇಗ ಕೊಡೋ ಪ್ರಯೋಗಗಳು ಮುಂಬೈನ ಟಿಐಎಫ್‌ಆರ್‌ನಲ್ಲೂ ನಡೆದಿವೆ. ಗುರಿಯಾಗಿ ನಯವಾದ ಲೋಹ ಇಟ್ಟರೆ ಕನ್ನಡಿಗೆ ಬಿದ್ದ ಹಾಗೆ ಸಾಕಷ್ಟು ಬೆಳಕು ವಾಪಸ್. ಅದಕ್ಕೇ ಅದರ ಮೇಲೆ ಕೂದಲಿಗಿಂತ ನೂರಾರು ಪಟ್ಟು ತೆಳುವಾದ ತಂತಿಗಳ ಕಾಡು ಬೆಳೆಸ್ತೀವಿ. ಬೆಳಕು ಒಳಗೆ ನುಗ್ಗಿ ಸಿಕ್ಕಿಹಾಕಿಕೊಳ್ಳುತ್ತೆ.

ಅಲ್ಯುಮಿನಾದ ತೂತುತೂತಾದ ಅಚ್ಚಿನೊಳಗೆ ಕರೆಂಟ್ ಹರಿಸಿ ನಿಕ್ಕಲ್ ತುಂಬಿಸೋದು, ಥೇಟ್ ಗಿಲೀಟು ಹಾಕಿದ ಹಾಗೆ. ಆಮೇಲೆ ಕಾಸ್ಟಿಕ್ ಸೋಡಾದಲ್ಲಿ ಅಚ್ಚು ಕರಗಿಸೋದು. ಕಷ್ಟ ಇರೋದು ಒಣಗಿಸೋದರಲ್ಲಿ! ಮೊದಲ ಸಲ ಸುಮ್ಮನೆ ಗಾಳಿಗೆ ಬಿಟ್ಟಿದ್ದೆ. ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೆ ತಂತಿಗಳೆಲ್ಲ ಒದ್ದೆ ಕೂದಲಿನ ಥರ ಜಡೆಗಟ್ಟಿದ್ವು. ಆರುವ ನೀರಿನ ಮೇಲ್ಮೈ ಎಳೆತ ಅವನ್ನು ಅಂಟಿಸಿತ್ತು. ಅಷ್ಟೂ ದಿನದ ಕೆಲಸ ಕಸ. ಈಗ ನೀರಿನ ಜಾಗಕ್ಕೆ ಆಲ್ಕೋಹಾಲ್, ಅದರ ಜಾಗಕ್ಕೆ ಒತ್ತಡದಲ್ಲಿಟ್ಟ ದ್ರವ ಕಾರ್ಬನ್ ಡೈಆಕ್ಸೈಡ್ ತಂದು, 31 ಡಿಗ್ರಿ ದಾಟಿಸಿ ಅನಿಲವಾಗಿ ಬಿಡ್ತೀವಿ. ದ್ರವಕ್ಕೂ ಅನಿಲಕ್ಕೂ ನಡುವೆ ಗಡಿಯೇ ಇರಲ್ಲ, ಹಾಗಾಗಿ ಎಳೆತವೂ ಇಲ್ಲ.

ಇಷ್ಟೆಲ್ಲ ಆದಮೇಲೂ ಮುಖ್ಯ ಪಲ್ಸ್‌ಗೆ ಮುಂಚೆ ಲೇಸರ್‌ನಿಂದ ಸ್ವಲ್ಪ ಬೆಳಕು ಸೋರಿದ್ರೆ ಮುಗೀತು. ತಂತಿಗಳು ಮೊದಲೇ ಉಬ್ಬಿ ಸಂದುಗಳೆಲ್ಲ ಮುಚ್ಚಿಹೋಗ್ತವೆ. ಪ್ರೋಟಾನ್ ಬರದಿದ್ರೆ ಲೇಸರ್‌ನವರು, “ನಿಮ್ಮ ಟಾರ್ಗೆಟ್ಟೇ ಸರಿ ಇರಲಿಲ್ಲವೇನೋ” ಅಂತಾರೆ. ತೋರಿಸೋಕೆ ಟಾರ್ಗೆಟ್ ಎಲ್ಲಿದೆ? ಅದಕ್ಕೇ ಈಗ ಪ್ರತಿ ತುಂಡಿನ ಫೋಟೋ, ಅಳತೆ ತೆಗೆದಿಟ್ಟುಕೊಂಡೇ ಕೊಡೋದು.