ಟೆನ್‌ಪಾಯ್ ಆಯ್ತು, ಯಾಕು ಎಲ್ಲಿ?

ಇವತ್ತು ಜಪಾನಿ ಮಹ್‌ಜಾಂಗ್‌ನಲ್ಲಿ ಹೊಸಬರೆಲ್ಲ ಎಡವೋ ಒಂದು ಜಾಗದ ಬಗ್ಗೆ ಮಾತಾಡೋಣ.

ಕೈಯಲ್ಲಿ 13 ಬಿಲ್ಲೆ ಇರುತ್ತೆ. ಮೂರು ಮೂರರ ನಾಲ್ಕು ಗುಂಪು, ಒಂದು ಜೋಡಿ, ಒಟ್ಟು 14 ಆದ್ರೆ ಕೈ ಪೂರ್ತಿ. ಇನ್ನೊಂದೇ ಬಿಲ್ಲೆ ಬೇಕು ಅನ್ನೋ ಸ್ಥಿತಿಗೆ ಟೆನ್‌ಪಾಯ್ ಅಂತಾರೆ.

ನಾನು ಆನ್‌ಲೈನ್‌ನಲ್ಲಿ ಆಡೋಕೆ ಶುರುಮಾಡಿದ ಮೊದಲ ವಾರದ ಕತೆ. ಬಿದಿರಿನ 7, 9 ಇತ್ತು. ಎಡಗಡೆಯವರು 8 ಎಸೆದ್ರು. ಖುಷೀಲಿ 'ಚೀ' ಒತ್ತಿ ತಗೊಂಡೆ. ಉಳಿದದ್ದು ಅಕ್ಷರದ 2-3-4, 5-6-7, ಬಿದಿರಿನ 5 ಜೋಡಿ, ವೃತ್ತದ 3-4. ವೃತ್ತದ 2 ಅಥವಾ 5 ಬಂದ್ರೆ ಗೆದ್ದೆ! ಎದುರಿನವರು 2 ಎಸೆದೇಬಿಟ್ರು. ಆದ್ರೆ 'ರೋನ್' ಬಟನ್ನೇ ಬರಲಿಲ್ಲ. ಆ್ಯಪಲ್ಲಿ ಬಗ್ ಇದೆ ಅಂದ್ಕೊಂಡೆ. ನಮ್ಮ ಕಸುಬಿನ ಚಟ ನೋಡಿ! ಬಗ್ ಇದ್ದದ್ದು ನನ್ನ ಕೈಯಲ್ಲೇ.

ಗೆಲ್ಲೋಕೆ ಕನಿಷ್ಠ ಒಂದು ಯಾಕು ಬೇಕು. 'ಯಾಕೆ ಗೆದ್ದೆ?' ಅನ್ನೋ ಪ್ರಶ್ನೆಗೆ ಉತ್ತರವೇ ಯಾಕು ಅಂತ ನೆನಪಿಟ್ಕೊಳ್ಳಿ. ನಮ್ಮ ರಮ್ಮಿಯಲ್ಲಿ ಜೋಕರ್ ಇಲ್ಲದ ಪ್ಯೂರ್ ಸೀಕ್ವೆನ್ಸ್ ಇಲ್ದೆ ಡಿಕ್ಲೇರ್ ಮಾಡೋ ಹಾಗಿಲ್ಲ ಅಲ್ವಾ, ಹಾಗೇ.

ನಾನು ಚೀ ಅನ್ನದೆ 8ನ್ನು ನಾನೇ ಎಳೆದಿದ್ರೆ ಕೈ ಮುಚ್ಚಿಯೇ ಇರ್ತಿತ್ತು. ಆಗ 1000 ಅಂಕ ಪಣವಿಟ್ಟು 'ರೀಚಿ' ಘೋಷಿಸಬಹುದಿತ್ತು, ಅದೇ ಒಂದು ಯಾಕು. ಕೈ ತೆರೆದ ಮೇಲೆ ರೀಚಿ ಇಲ್ಲ. 2ರಿಂದ 8ರ ಬಿಲ್ಲೆಗಳಷ್ಟೇ ಇದ್ರೆ 'ತಾನ್ಯಾವೊ' ಸಿಗುತ್ತೆ, ಆದ್ರೆ ನನ್ನ ಆ 9 ಅದನ್ನೂ ಕೆಡಿಸ್ತು. ಬಿದಿರಿನ 5 ಡೋರಾ ಆಗಿತ್ತು, ಎರಡಿತ್ತು. ಡೋರಾ ಅಂಕ ಹೆಚ್ಚಿಸುತ್ತೆ, ಆದ್ರೆ ಅದು ಯಾಕು ಅಲ್ಲ.

ಇನ್ನೊಂದು ಬಲೆ ಫುರಿಟೆನ್. ನೀವು ಕಾಯೋ ಬಿಲ್ಲೆಗಳಲ್ಲಿ ಒಂದನ್ನ ನೀವೇ ಹಿಂದೆ ಎಸೆದಿದ್ರೆ, ಬೇರೆಯವರು ಎಸೆದದ್ದರಿಂದ ಗೆಲ್ಲೋ ಹಾಗಿಲ್ಲ. ನೀವೇ ಎಳೆದು ಗೆಲ್ಲಬಹುದು, ಅದಕ್ಕೂ ಯಾಕು ಬೇಕು. ಕೈ ಮುಚ್ಚಿದ್ರೆ ಹಾಗೆ ಎಳೆದು ಗೆಲ್ಲೋದೇ ಒಂದು ಯಾಕು.

ಹಾಗಂತ ಯಾಕು ಇಲ್ಲದ ಟೆನ್‌ಪಾಯ್ ಪೂರ್ತಿ ವ್ಯರ್ಥ ಅಲ್ಲ. ಯಾರೂ ಗೆಲ್ಲದೆ ಬಿಲ್ಲೆ ಮುಗಿದ್ರೆ, ಟೆನ್‌ಪಾಯ್ ಇಲ್ಲದವರು ಇದ್ದವರಿಗೆ ಒಟ್ಟು 3000 ಅಂಕ ಕೊಡ್ತಾರೆ. ಆದ್ರೆ ಅದು ಸಮಾಧಾನದ ಕಾಸು, ಗೆಲುವಲ್ಲ.

ಈಗ ಚೀ, ಪೋನ್ ಬಟನ್ ಮಿನುಗಿದಾಗೆಲ್ಲ ಬೆರಳು ತಡೀತೀನಿ. ಮೊದಲು ಯಾಕು ಹೇಳು, ಆಮೇಲೆ ಒತ್ತು. ನೀವೂ ಇವತ್ತು ರಾತ್ರಿ ಒಂದಾಟ ಹೀಗೆ ಆಡಿ ನೋಡಿ. ಮತ್ತೆ ಸಿಗೋಣ.