ಹೋರಾಟ ನಿಂತ ಮೇಲಿನ ಹೆಂಗಸರು
(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾವು ಪಂಡಿತರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಲೆಕ್ಕ ಬರೆಯುವವರು. ಸಂಜೆ ಇಲ್ಲಿ ಪುಸ್ತಕ ಕೊಟ್ಟು ಪಡೆಯುವವರು. ‘ಯುದ್ಧ ಮತ್ತು ಸ್ತ್ರೀಯರು’ ಎಂಬ ವಿಷಯ ನಮ್ಮ ಪಾಲಿಗೆ ಬಂದಿದೆ. ಅದಕ್ಕಾಗಿ ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ಈ ಗವರ್ನರ್‌ಪೇಟೆಯಿಂದ ಬಂದರು ರಸ್ತೆ ಹಿಡಿದು ಹೋದರೆ ಪಾಮರ್ರು ಸಿಗುತ್ತದೆ. ಕೊಂಡಪಲ್ಲಿ ಕೋಟೇಶ್ವರಮ್ಮನವರು 1918ರಲ್ಲಿ ಹುಟ್ಟಿದ್ದು ಅಲ್ಲಿ. ಎಳೆತನದಲ್ಲೇ ಮದುವೆ, ಎಳೆತನದಲ್ಲೇ ವೈಧವ್ಯ. ಆಮೇಲೆ ಕಮ್ಯೂನಿಸ್ಟ್ ಕಾರ್ಯಕರ್ತ ಸೀತಾರಾಮಯ್ಯನವರೊಡನೆ ಪುನರ್ವಿವಾಹ.

1946ರಿಂದ 1951ರವರೆಗೆ ತೆಲಂಗಾಣದ ರೈತರು ಆಯುಧ ಹಿಡಿದ ಕಥೆ ತಮಗೆ ತಿಳಿದದ್ದೇ. ನಮ್ಮ ಬೀದರ, ಗುಲ್ಬರ್ಗ, ರಾಯಚೂರುಗಳೂ ಆಗ ನಿಜಾಮನ ಕೈಕೆಳಗೇ ಇದ್ದವು. ಬಂದೂಕಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ತಲೆಮರೆಸಿಕೊಂಡವರ ಮನೆಯ ಮೇಲೆ ಪೊಲೀಸರ ಅನುಮಾನ ಬೀಳದಿರಬೇಕಾದರೆ ಅಲ್ಲೊಬ್ಬ ಹೆಂಗಸು ಒಲೆ ಹಚ್ಚಿ, ಅಂಗಳ ಸಾರಿಸಿ, ಸಂಸಾರವೆಂಬಂತೆ ನಡೆಸಬೇಕಾಗಿತ್ತು. ಕೋಟೇಶ್ವರಮ್ಮನವರು ತಮ್ಮಿಬ್ಬರು ಮಕ್ಕಳನ್ನು ತಾಯಿಯ ಬಳಿ ಬಿಟ್ಟು, ವರ್ಷಗಟ್ಟಲೆ ಊರಿಂದೂರಿಗೆ ಗುಟ್ಟಾಗಿ ಬಾಳಿದರು. ಆ ಊರುಗಳಲ್ಲಿ ನಮ್ಮ ರಾಯಚೂರೂ ಒಂದು. ಕಾಡಿನ ದಳಗಳಲ್ಲಿದ್ದ ತಾಯಂದಿರ ಪಾಡು ಇನ್ನೂ ಕಠಿಣ. ಕೂಸಿನ ಅಳು ಎಲ್ಲರನ್ನೂ ಹಿಡಿದುಕೊಟ್ಟೀತೆಂದು ಹೆತ್ತ ಮಗುವನ್ನು ಪರರ ಕೈಗಿತ್ತವರುಂಟು. ಇಂಥವರ ಮಾತುಗಳನ್ನು ಸ್ತ್ರೀಶಕ್ತಿ ಸಂಘಟನೆಯವರು ಕೂಡಿಸಿ 1986ರಲ್ಲಿ ತೆಲುಗಿನಲ್ಲಿ ಅಚ್ಚುಮಾಡಿದರು.

1951ರ ಅಕ್ಟೋಬರಿನಲ್ಲಿ ಹೋರಾಟ ನಿಂತಿತು. ಆರುಟ್ಲ ಕಮಲಾದೇವಿಯವರಂತೆ ಶಾಸನಸಭೆಗೆ ಹೋದವರು ಬೆರಳೆಣಿಕೆ. ಮಿಕ್ಕವರಿಗೆ ಬಂದ ಅಪ್ಪಣೆ ಒಂದೇ: ಮನೆಗೆ ಹೋಗಿ. ಯಾವ ಮನೆಗೆ? ಕೋಟೇಶ್ವರಮ್ಮನವರನ್ನು ಗಂಡನೂ ಬಿಟ್ಟಿದ್ದರು. ನಾವು ಹದಿನೇಳಕ್ಕೆ ಬರೆದ ಪರೀಕ್ಷೆಗೆ ಆ ತಾಯಿ ಮೂವತ್ತೈದರ ಮೇಲೆ ಹೈದರಾಬಾದಿನ ಆಂಧ್ರ ಮಹಿಳಾ ಸಭೆಯಲ್ಲಿ ಕುಳಿತು ಓದಿದರು. ಅನಂತರ ಕಾಕಿನಾಡದಲ್ಲಿ ವಿದ್ಯಾರ್ಥಿನಿಯರ ಹಾಸ್ಟೆಲಿನ ಮೇಟ್ರನ್ ಆದರು. ಸೀತಾರಾಮಯ್ಯನವರು 1980ರಲ್ಲಿ ಪೀಪಲ್ಸ್ ವಾರ್ ಪಕ್ಷ ಕಟ್ಟಿದರು. ನಕ್ಸಲೀಯರ ದಾರಿ ಹಿಡಿದ ಮಗ ಮರಳಿ ಬರಲಿಲ್ಲ. ಅಳಿಯ ತೀರಿದ ಮೇಲೆ ವೈದ್ಯೆಯಾಗಿದ್ದ ಮಗಳೂ ಹೋದಳು. ಮೊಮ್ಮಕ್ಕಳಿಗೆ ಅಜ್ಜಿಯೇ ಆಸರೆಯಾಗಿ ನಿಂತರು.

ಸಂಧಾನದ ಮೇಜಿಗೆ ಸ್ತ್ರೀಯರನ್ನೂ ಕರೆಯಬೇಕೆಂದು ಸಂಯುಕ್ತ ರಾಷ್ಟ್ರಗಳ ಭದ್ರತಾ ಮಂಡಲಿ 2000ದ ಅಕ್ಟೋಬರ್ 31ರಂದು ನಿರ್ಣಯ ಮಾಡಿತು. ಅದರ ಸಂಖ್ಯೆ 1325. ನಾಲ್ಕು ವರ್ಷಗಳ ಮೇಲೆ, 2004ರ ಅಕ್ಟೋಬರಿನಲ್ಲಿ, ಹೈದರಾಬಾದಿನಲ್ಲಿ ಸರ್ಕಾರಕ್ಕೂ ನಕ್ಸಲೀಯರಿಗೂ ಮಾತುಕತೆ ನಡೆದು, ಕೆಲವೇ ತಿಂಗಳಲ್ಲಿ ಮುರಿಯಿತು. ಎಂಬತ್ತಾರರ ಕೋಟೇಶ್ವರಮ್ಮನವರು ಆಗ ಬದುಕಿದ್ದರು. ಎರಡು ತಲೆಮಾರಿನ ಹೋರಾಟದ ಬೆಲೆಯನ್ನು ಅವರಷ್ಟು ಬಲ್ಲವರು ಆ ಕೋಣೆಯಲ್ಲಿ ಎಷ್ಟು ಮಂದಿ ಇದ್ದಾರು? ಬಂದೂಕು ಕೆಳಗಿಟ್ಟರೆ ಶಾಂತಿಯಾಯಿತೆಂದು ದೊಡ್ಡವರು ಭಾವಿಸುವಂತಿದೆ. ಹೋದವರ ಮಕ್ಕಳಿಗೆ ಉಣಬಡಿಸಿ ಶಾಲೆಗೆ ಕಳಿಸುವ ಕೆಲಸವನ್ನು ಯಾವ ಒಪ್ಪಂದದ ಕಾಗದದಲ್ಲಿ ಬರೆಯುತ್ತಾರೋ ಕಾಣೆವು.

ಅವರು 2012ರಲ್ಲಿ, ತೊಂಬತ್ತು ದಾಟಿದ ಮೇಲೆ, ತಮ್ಮ ಜೀವನಕಥೆ ಪ್ರಕಟಿಸಿದರು. ಹೆಸರು ‘ನಿರ್ಜನ ವಾರಧಿ’. ನಮ್ಮ ಕನ್ನಡದ ಕಿವಿಗೆ ವಾರಿಧಿ, ಅಂದರೆ ಸಮುದ್ರ ಎಂದು ಕೇಳೀತು. ತೆಲುಗಿನಲ್ಲಿ ವಾರಧಿಯೆಂದರೆ ಸೇತುವೆ. ಇಲ್ಲಿ ಕೃಷ್ಣೆಯ ಮೇಲಿನ ಕನಕದುರ್ಗಾ ವಾರಧಿಯನ್ನು ದಾಟದವರು ನಮ್ಮಲ್ಲಿ ಯಾರು? ಜನರಿಲ್ಲದ ಸೇತುವೆ, ಅದು ಪುಸ್ತಕದ ಹೆಸರು. 2018ರ ಸೆಪ್ಟೆಂಬರಿನಲ್ಲಿ, ನೂರು ತುಂಬಿದ ಮೇಲೆ, ಅವರು ವಿಶಾಖಪಟ್ಟಣದಲ್ಲಿ ತೀರಿಕೊಂಡರು.

ನಮ್ಮಲ್ಲಿ ಹಲವು ಮನೆಗಳಲ್ಲಿ ಮಾತು ಕನ್ನಡ, ಮಕ್ಕಳ ಶಾಲೆಯ ಓದು ತೆಲುಗು. ಆ ಮಕ್ಕಳು ಭಾನುವಾರ ಸಂಜೆ ಈ ಪುಸ್ತಕವನ್ನು ಪ್ರಕರಣಕ್ಕೊಂದರಂತೆ ಓದಿ, ತೆಲುಗು ಬಾರದ ತಾಯಂದಿರಿಗೆ ಕನ್ನಡದಲ್ಲಿ ಹೇಳುವ ಏರ್ಪಾಡು ಮಾಡಬೇಕೆಂದಿದ್ದೇವೆ. ಹೆಸರು ಕೊಡುವವರು ಮೇಜಿನ ಮೇಲಿನ ಪುಸ್ತಕದಲ್ಲಿ ಬರೆಯಬಹುದು.